ಸುಮ್ಮನಿರದ ಕತ್ತರಿ

ಆ ಬೀದಿಯ ಸಲೂನಿನವನಿಗೆ ಎಲ್ಲರೂ ಇಟ್ಟ ಹೆಸರು ಕಚಕಚ ಮಾಮ. ಅವನ ಕತ್ತರಿ ಎರಡು ಸಲ ಕೂದಲಿಗೆ ತಗುಲಿದರೆ ನಾಲ್ಕು ಸಲ ಬರೀ ಗಾಳಿಯಲ್ಲಿ ಆಡುತ್ತಿತ್ತು. ಜೊತೆಗೆ ಅವನ ಬಾಯಿ. ನಲವತ್ತು ವರ್ಷದಿಂದ ಎರಡಕ್ಕೂ ಬಿಡುವೆಂಬುದಿರಲಿಲ್ಲ.

ಹಾಗಾಗಿ ಅವನ ಕೈ ನಡುಗತೊಡಗಿದ್ದು ಗಿರಾಕಿಗಳಿಗೆ ಗೊತ್ತೇ ಆಗಲಿಲ್ಲ. ಕತ್ತರಿಸುವಾಗ ನೆಟ್ಟಗಿದ್ದ ಕೈ ಬಿಡುವಾಗಿದ್ದಾಗ ನಡುಗುತ್ತಿತ್ತು. ಬಿಡುವಿದ್ದಾಗ ಕತ್ತರಿ ಆಡಿಸುವುದು ಅವನ ಹಳೇ ಚಾಳಿಯಲ್ಲವೇ? ಮಾಮನೂ ಅದರ ಮರೆಯಲ್ಲೇ ದಿನ ದೂಡಿದ. ಆದರೆ ಒಂದು ದಿನ ಹಳೇ ಗಿರಾಕಿ ಮೇಷ್ಟ್ರ ಗಂಟಲ ಬಳಿ ರೇಜರ್ ಹಿಡಿದು ಒಂದು ಗಳಿಗೆ ತಡೆದಾಗ ಅದು ಅಲುಗಿಬಿಟ್ಟಿತು. ಗಾಯ ಕೂದಲೆಳೆಯಷ್ಟೇ. ಆದರೆ ವಾರವಾರವೂ ಅದೇ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದ ಮೇಷ್ಟ್ರು ಬೆಚ್ಚಿ ಎದ್ದರು. ಇನ್ನು ಅವರು ತನ್ನ ಕೈಗೆ ಕತ್ತು ಕೊಡಲಾರರೆಂದು ಮಾಮನಿಗೆ ಖಾತ್ರಿಯಾಯಿತು. ಅವತ್ತೇ ರೇಜರನ್ನು ಡ್ರಾಯರಿಗೆ ಹಾಕಿ ಬೀಗ ಜಡಿದ.

ಹೆಂಡತಿ ಅವನನ್ನು ಆಸ್ಪತ್ರೆಗೆ ಎಳೆದುಕೊಂಡೇ ಹೋದಳು.

"ಮೆದುಳಲ್ಲಿ ಡೋಪಮೈನ್ ಅಂತ ಒಂದು ರಾಸಾಯನಿಕ ಇರುತ್ತೆ," ಎಂದರು ಡಾಕ್ಟರಮ್ಮ. "ಅಸಿಟೈಲ್‌ಕೋಲಿನ್ ಅನ್ನೋ ಇನ್ನೊಂದು ಹದ ಮೀರಿ ಹೊರಗೆ ಬರದ ಹಾಗೆ ಹಿಡಿದಿಡೋದು ಅದೇ. ನಿಮ್ಮಲ್ಲಿ ಅದು ಕಡಿಮೆಯಾಗಿದೆ. ಈಗ ಇನ್ನೊಂದಕ್ಕೆ ಹೇಳೋರು ಕೇಳೋರಿಲ್ಲ, ಅದಕ್ಕೇ ಕೈ ನಡುಗೋದು."

ಮಾಮನ ಮುಖ ಅರಳಿತು. "ಅರ್ಥ ಆಯ್ತು ಬಿಡಿ. ಇವಳು ತವರಿಗೆ ಹೋದಾಗ ನನ್ನ ಬಾಯಿನೂ ಹಾಗೇ."

"ಬಾಯಿಗೂ ಒಂದು ಮಾತ್ರೆ ಬರೀರಿ ಡಾಕ್ಟ್ರೇ," ಎಂದಳು ಹೆಂಡತಿ.

ಡೋಪಮೈನ್ ಹೆಚ್ಚಿಸುವ ಮಾತ್ರೆ ಬರೆದುಕೊಟ್ಟ ಡಾಕ್ಟರಮ್ಮ, ಕಾಯಿಲೆ ಪೂರ್ತಿ ಹೋಗದು, ನಡುಕ ಹತೋಟಿಗೆ ಬರಬಹುದು ಎಂದರು. ಹೆಂಡತಿ ದಿನಾ ಬೆಳಿಗ್ಗೆ ಮಾತ್ರೆಯೊಡನೆ ನೀರು ತುಂಬಿದ ಲೋಟವನ್ನು ಅವನ ಕೈಗಿಟ್ಟು ಕಾವಲು ಕೂತಳು. ಎರಡು ತಿಂಗಳಿಗೆ ನೀರು ಚೆಲ್ಲುವುದು ನಿಂತಿತು. ಕೈ ಸುಮ್ಮನಿರುವ ಸುಖಕ್ಕೆ ಮಾಮ ಕತ್ತರಿ ಆಡಿಸುವುದನ್ನೂ ಬಿಟ್ಟ. ಸದ್ದೇ ಇಲ್ಲ, ನಿಜವಾಗಲೂ ಕತ್ತರಿಸಿದ್ದಾನೆಯೇ ಎಂದು ಗಿರಾಕಿಗಳು ಕನ್ನಡಿಗೆ ಮುಖ ಹಚ್ಚಿ ನೋಡಿಕೊಂಡರು.

ಆಗ ಬಂದರು ಮೇಷ್ಟ್ರು, ಎದೆಯ ಕಡೆಗಿಳಿದ ಗಡ್ಡದೊಡನೆ. ಬೇರೆ ಯಾರ ಕೈಗೂ ಅವರು ಕತ್ತು ಕೊಟ್ಟಿರಲಿಲ್ಲ. ಮಾಮ ಕಾಯಿಲೆ, ಮಾತ್ರೆ, ಬೀಗ ಒಂದನ್ನೂ ಮುಚ್ಚಿಡದೆ ಹೇಳಿದ.

"ನಾನು ನೆಟ್ಟಗೆ ನಿದ್ದೆ ಮಾಡಿ ಎರಡು ತಿಂಗಳಾಯ್ತು ಕಣಯ್ಯಾ," ಎಂದರು ಅವರು. "ಬೀಗ ತೆಗಿ."

ಗಂಟಲ ಬಳಿ ಮಾಮ ಬೇಕೆಂದೇ ತಡೆದ. ರೇಜರ್ ಅಲುಗಲಿಲ್ಲ. ಅರ್ಧ ಗಡ್ಡ ಮುಗಿಯುವಷ್ಟರಲ್ಲಿ ಗೊರಕೆ ಶುರುವಾಯಿತು. ಅವರಿಗೆ ಎಚ್ಚರವಾದೀತೆಂದು, ನಲವತ್ತು ವರ್ಷದಲ್ಲಿ ಮೊದಲ ಸಲ, ಕಚಕಚ ಮಾಮ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದ.