ಗಿರಣಿಯವರ ಉಡಿಕಿ

ಎಂಬತ್ತರ ದಶಕದಲ್ಲಿ ಬಮ್ಮಿಗಟ್ಟಿಯಲ್ಲಿ ನಮ್ಮ ಓಣಿಯ ಹಿಟ್ಟಿನ ಗಿರಣಿಯವರಿಗೆ ಹುಬ್ಬಿನವರೆಗೂ ಹಿಟ್ಟು. ಯಾರು ಅವಸರ ಮಾಡಿದರೂ, "ತಡೀರಿ ಅಕ್ಕಾರ, ಬಿಸಿ ಹಿಟ್ಟು ಕಟ್ಟಿದ್ರ ಕೆಡತೈತಿ" ಎಂದು ಬುಟ್ಟಿಯಲ್ಲಿ ಕೈಯಾಡಿಸಿ, ಆರಿಸಿಯೇ ಕೊಡುತ್ತಿದ್ದರು.

ಗಂಡನಿಂದ ಬಿಡುಗಡೆಯ ಸೋಡಚೀಟಿ ಪಡೆದು ಪುಟ್ಟ ಮಗಳೊಂದಿಗೆ ತವರಿಗೆ ಬಂದಿದ್ದ ನಮ್ಮ ನೆರೆಮನೆಯವಳನ್ನು ಅವರು ಉಡಿಕಿಯಾಗಲು, ಅಂದರೆ ಮರುಮದುವೆಯಾಗಲು ಬಯಸಿದರು. ಅವಳಿಗೂ ಮನಸ್ಸಿತ್ತು. ಆದರೆ ಹಿರಿಯರು, "ಉಡಿಕಿ ಆದ್ರ ಕೂಸು ಅಪ್ಪನ ಮನಿಗೆ ಹೋಗಬೇಕು, ಅದು ನಮ್ಮ ಪದ್ಧತಿ" ಎಂದರು. ಅವಳು ಮಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಹಂಗಾರ ಈಗ ಉಡಿಕಿ ಬ್ಯಾಡ್ರಿ. ಕೂಸು ಅವ್ವನ ಹಂತ್ಯಾಕ ಇರ್ಲಿ," ಎಂದರು ಗಿರಣಿಯವರು.

"ಮುದುಕ ಆದಮ್ಯಾಲ ಆಗಾಂವೇನಲೇ?" ಎಂದು ಹಿರಿಯರೊಬ್ಬರು ನಕ್ಕರು.

"ಆಗ್ಲಿ ಬಿಡ್ರಿ ಅಜ್ಜಾರ, ಆಕಿನೂ ಮುದುಕಿ ಆಗಿರ್ತಾಳ."

ನಾಲ್ಕು ವರ್ಷ ಅವರು ಅವಳ ಮನೆಯ ಹೊಸ್ತಿಲು ದಾಟಲಿಲ್ಲ. ಅಷ್ಟರಲ್ಲಿ ಹುಡುಗಿಯ ಅಪ್ಪ ಇನ್ನೊಂದು ಮದುವೆಯಾದ, ಗಂಡು ಮಗುವೂ ಆಯಿತು. ಹುಡುಗಿ ತಾಯಿಯ ಹತ್ತಿರವೇ ಇರಲಿ ಎಂದು ಅವನೇ ಹೇಳಿ ಕಳಿಸಿದ. ಶಿವ ದೊಡ್ಡವನು.

ಉಡಿಕಿಯ ದಿನ ಗಿರಣಿಯವರು ತಂದ ಗಂಟನ್ನು ನಾನೇ ಬಿಚ್ಚಿದೆ. ಮೇಲೆ ಹುಡುಗಿಯ ಅಳತೆಗೆ ಹೊಲಿಸಿದ ಪರಕಾರ, ಪೋಲ್ಕ, ಅಂದರೆ ಲಂಗ, ರವಿಕೆ ಇದ್ದವು. ಸೀರೆ ಅವುಗಳ ಕೆಳಗಿತ್ತು.