ಬಸಿದ ನೀರು

2023ರ ಮಾರ್ಚ್ ತಿಂಗಳು. ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ನಾನು ಅಡುಗೆಯ ಹೊಣೆ ಹೊತ್ತು ಇಪ್ಪತ್ತಾರನೆಯ ವರ್ಷ ನಡೆದಿತ್ತು. ಗೃಹಿಣಿಯ ಕೆಲಸವೂ ಒಂದು ವೃತ್ತಿಯೇ ಎಂದು ಕೇಳುವವರಿಗೆ ನಾನು ಆ ಬೇಸಿಗೆಯ ಈ ಒಂದು ಪ್ರಕರಣವನ್ನು ಹೇಳುತ್ತೇನೆ.

ಊಟದ ವಿಷಯದಲ್ಲಿ ಮನೆಯೊಳಗೆ ಎರಡು ಪಕ್ಷಗಳಿದ್ದವು. ಅತ್ತೆಯವರದು ಹಿರಿಯರ ಪಕ್ಷ. ಜೋಳದ ರೊಟ್ಟಿ, ಜೊತೆಗೆ ಹಸಿ ಮೆಂತ್ಯದ ತಪ್ಪಲು ಎಂಬ ಸೊಪ್ಪು, ಅಗಸಿ ಹಿಂಡಿ ಎಂಬ ಚಟ್ನಿಪುಡಿ. "ನಮ್ಮ ಹಿರ್ಯಾರು ಇದನ್ನ ತಿಂದು ಗಟ್ಟಿ ಇದ್ರು" ಎನ್ನುವರು. ನನ್ನದು ಪುಸ್ತಕದ ಪಕ್ಷ. ಕಾನ್ವೆಂಟಿನಲ್ಲಿ ಗೃಹವಿಜ್ಞಾನ ಕಲಿಸಿದ ಸಿಸ್ಟರ್ ಹೇಳಿದ ನಾರು, ವಿಟಮಿನ್ನುಗಳ ಪಾಠ ಇನ್ನೂ ಬಾಯಿಪಾಠ. ಪಾಲಿಶ್ ಮಾಡದ ಅಕ್ಕಿ ತರುತ್ತಿದ್ದೆ, ಓಟ್ಸ್ ತರುತ್ತಿದ್ದೆ. "ಕುದರಿ ತಿನ್ನೂದನ್ನ ಮನಶ್ಯಾರಿಗೆ ಹಾಕ್ತಿ ನೋಡವಾ" ಎಂದು ಅತ್ತೆಯವರು ನಗುತ್ತಿದ್ದರು. ಬಿಸ್ಕತ್ತು, ಬ್ರೆಡ್ಡು, ಮೈದಾ ಒಳಗೆ ಬರಕೂಡದು ಎಂಬುದರಲ್ಲಿ ಮಾತ್ರ ಇಬ್ಬರಿಗೂ ಜಗಳವಿರಲಿಲ್ಲ.

ಆ ತಿಂಗಳು ಮಾವನವರ ಕಾಲು ಬಾತವು. ಹುನಗುಂದ–ಇಳಕಲ್ ಬಸ್ಸಿನಲ್ಲಿ ಕಂಡಕ್ಟರ್ ಆಗಿ ದುಡಿದು ನಿವೃತ್ತರಾದವರು, ಎಪ್ಪತ್ನಾಲ್ಕು ವರ್ಷ. ತಪಾಸಣೆಯಲ್ಲಿ ಕಿಡ್ನಿ ಸೋತಿರುವುದು ತಿಳಿಯಿತು. ರಕ್ತದಲ್ಲಿ ಪೊಟ್ಯಾಸಿಯಂ 5.7, ಅದು ಐದರ ಒಳಗಿದ್ದರೆ ಒಳ್ಳೆಯದು. ಸೊಪ್ಪು, ಕಾಳು, ಎಳನೀರು ಎಲ್ಲದರಲ್ಲೂ ಇರುವ ಈ ಅಂಶ ಹೆಚ್ಚಾದರೆ ಗಟ್ಟಿ ಕಿಡ್ನಿ ಹೊರಹಾಕುತ್ತದೆ. ಸೋತ ಕಿಡ್ನಿಗೆ ಆಗುವುದಿಲ್ಲ. ಅದು ರಕ್ತದಲ್ಲೇ ಏರುತ್ತ ಹೋದರೆ ಹೃದಯದ ಬಡಿತವೇ ತಪ್ಪುತ್ತದೆ.

ಡಾಕ್ಟರು ಕೊಟ್ಟ ಹಾಳೆ ನಮ್ಮ ಎರಡೂ ಪಕ್ಷಗಳನ್ನು ಒಟ್ಟಿಗೆ ಸೋಲಿಸಿತು. ಹಸಿ ತಪ್ಪಲು ಬೇಡ, ಕಾಳು ಕಡಿಮೆ, ರೊಟ್ಟಿ ಒಂದೇ. ಬಿಳಿ ಅನ್ನ, ರವೆ ನಡೆಯುತ್ತದೆ. ಕಾಯಿಪಲ್ಯವನ್ನು ಸಣ್ಣಗೆ ಹೆಚ್ಚಿ, ಬಹಳ ನೀರಿನಲ್ಲಿ ಕುದಿಸಿ, ನೀರು ಬಸಿದು ಕೊಡಬೇಕು.

"ತೌಡ ತಗದ ಅಕ್ಕೀನ ಒಳ್ಳೇದಂತ!" ಅತ್ತೆಯವರು ಹಾಳೆಯನ್ನು ನನ್ನ ಕೈಗೆ ತುರುಕಿದರು. "ಇಂವಾ ಡಾಕ್ಟರನೋ, ಅಕ್ಕಿ ಗಿರಣಿ ಮಾಲಕನೋ?"

ಬೈದರೂ ಪಾಲಿಸಿದೆವು. ಪಾವು ಕಿಲೋ ಪಲ್ಯಕ್ಕೆ ಎರಡು ಲೀಟರ್ ನೀರು ಅಳೆದು ಕುದಿಸುತ್ತಿದ್ದೆ. ಮೂರು ವಾರದ ನಂತರ ರಿಪೋರ್ಟ್ ಬಂತು: 6.1.

ಇಸಿಜಿ ಸದ್ಯಕ್ಕೆ ಸರಿಯಿತ್ತು. ಡಾಕ್ಟರು ನೀರಿಗೆ ಬೆರೆಸಿ ಕುಡಿಯುವ ಪುಡಿ ಬರೆದುಕೊಟ್ಟು, "ವಾರದಾಗ ಇಳೀಲಿಲ್ಲಂದ್ರ ಅಡ್ಮಿಟ್ ಮಾಡೂದ. ಡಯಾಲಿಸಿಸ್ಸೂ ಬೇಕಾಗಬಹುದು" ಎಂದರು. ಆಮೇಲೆ ಮಾವನವರ ಕಡೆ ಬಾಗಿ, "ಅಜ್ಜಾರ, ಕದ್ದು ಏನರ ತಿಂತೀರೇನ್ರಿ?"

"ಇಲ್ರಿ ಸಾಹೇಬ್ರ. ಮನ್ಯಾಗ ಕೊಟ್ಟದ್ದಷ್ಟ ತಿಂತೇನಿ."

ನಾನು ನಂಬಲಿಲ್ಲ. ಮರುದಿನ ಅವರು ಸ್ನಾನಕ್ಕೆ ಹೋದಾಗ ಗೂಟದಲ್ಲಿದ್ದ ಅಂಗಿಯ ಕಿಸೆ ಮುಟ್ಟಿ ನೋಡಿದೆ, ಕೈಚೀಲ ಬಿಚ್ಚಿದೆ. ಎರಡು ಅಡಿಕೆ ಹೋಳು, ಚಾಳೀಸಿನ ಗಾಜು ಒರೆಸುವ ಬಟ್ಟೆ. ತಿರುಗಿದರೆ ಬಾಗಿಲಲ್ಲಿ ಅವರೇ ನಿಂತಿದ್ದರು, ಕಿವಿಯ ಹಿಂದೆ ಸಾಬೂನಿನ ನೊರೆ ಹಾಗೇ ಇತ್ತು. ಆ ದಿನದಿಂದ ಅವರು ಸಂಜೆ ಗೆಳೆಯರ ಜೊತೆ ಕೂಡುವ ಕಟ್ಟೆಗೆ ಹೋಗುವುದನ್ನೇ ಬಿಟ್ಟರು. ಹೊರಗೆ ಹೋಗದಿದ್ದರೆ ಯಾರೂ ಸಂಶಯ ಪಡಲಾರರಲ್ಲ!

ನಾಲ್ಕನೆಯ ದಿನ ಆಸ್ಪತ್ರೆಯ ಡಯಟಿಷಿಯನ್, ಅಂದರೆ ಪಥ್ಯ ಹೇಳುವವರ ಹತ್ತಿರ ನಾನೊಬ್ಬಳೇ ಹೋದೆ. ನಸ್ರೀನ್ ಅಂತ, ಇಳಕಲ್ಲಿನವರು, ಮೂವತ್ತರ ಒಳಗಿನ ವಯಸ್ಸು. ಬೆಳಗಿನ ಚಹಾದಿಂದ ಹಿಡಿದು ಎಲ್ಲ ಕೇಳಿ ಬರೆದುಕೊಂಡರು. ಪಲ್ಯ ಕುದಿಸಿ ಬಸಿಯುವ ನನ್ನ ಕ್ರಮವನ್ನು ಹೆಮ್ಮೆಯಿಂದಲೇ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಅಕ್ಕಾರ, ಬಸದ ನೀರು ಏನ್ ಮಾಡ್ತೀರಿ?"

"ಕಟ್ಟಿನ ಸಾರು."

"ಯಾರು ಉಣ್ತಾರ್ರಿ?"

"ಮಾವಾರ. ಪಲ್ಯಾ ಸಪ್ಪಗ ಆಗ್ತದಂತ ಎರಡು ಬಟ್ಟಲ ಹಾಕಿಸ್ಕೊಂತಾರ..."

ಹೇಳುತ್ತಿದ್ದಂತೆ ನನ್ನ ಕಿವಿ ಬಿಸಿಯಾಯಿತು. ನಸ್ರೀನ್ ನಗು ತಡೆಯಲು ದುಪಟ್ಟಾ ಬಾಯಿಗೆ ಹಿಡಿದರು. "ನಮ್ಮವ್ವನೂ ಚೆಲ್ಲಂಗಿಲ್ರಿ. ಅದಕ್ಕ ಕೇಳಿದೆ."

ಕಾಳು, ಸೊಪ್ಪು ಕುದಿಸಿದ ನೀರಿಗೆ ನಮ್ಮ ಕಡೆ ಕಟ್ಟು ಎನ್ನುತ್ತಾರೆ. ಹುಣಸೆ, ಬೆಲ್ಲ, ಮಸಾಲಿ ಖಾರ ಹಾಕಿ ಒಗ್ಗರಣೆ ಕೊಟ್ಟರೆ ಸಾರು. ಅದನ್ನು ಮೋರಿಗೆ ಸುರಿಯುವುದು ಅತ್ತೆಯವರ ಲೆಕ್ಕದಲ್ಲಿ ಪಾಪ. ಬೇಯಿಸಿದ ನೀರಿನಲ್ಲೇ ಸತ್ವವಿದೆ, ಚೆಲ್ಲಬೇಡಿ ಎಂದು ಸಿಸ್ಟರ್ ಕೂಡ ಕಲಿಸಿದ್ದರು. ಅಂದರೆ ಹಿರಿಯರೂ ಪುಸ್ತಕವೂ ಒಂದೇ ಮಾತು ಹೇಳಿದ್ದವು. ಮಾತು ಸುಳ್ಳಲ್ಲ, ಆ ಒಬ್ಬ ಮನುಷ್ಯನಿಗೆ ಮಾತ್ರ ಅದು ವಿಷ. ಪಲ್ಯದಿಂದ ತೆಗೆದ ಪೊಟ್ಯಾಸಿಯಮ್ಮನ್ನು ನಾವೇ ಬಟ್ಟಲಲ್ಲಿ ತುಂಬಿ, ಬೇಕೇನ್ರಿ ಎಂದು ಕೇಳಿ ಬಡಿಸಿದ್ದೆವು.

ಅಂದು ಮಧ್ಯಾಹ್ನ ಅತ್ತೆಯವರು ಬಸಿದ ನೀರಿನ ಪಾತ್ರೆ ಹಿಡಿದು ಮೋರಿಯ ತನಕ ಹೋಗಿ ನಿಂತರು. "ಕೈ ಬರವಲ್ದವಾ, ನೀನ ಚೆಲ್ಲು." ನಾನು ಚೆಲ್ಲಿದೆ.

ವಾರದ ಕೊನೆಗೆ 5.2. ಮುಂದಿನ ತಿಂಗಳು 4.8. ಅಡ್ಮಿಟ್ ಆಗುವ ಮಾತು ಹಿಂದೆ ಸರಿಯಿತು. ರಿಪೋರ್ಟ್ ಬಂದ ಸಂಜೆ ಮಾವನವರ ಮುಂದೆ ಕೂತು, "ನಿಮ್ಮ ಚೀಲ ಹುಡುಕಿದ್ದು ತಪ್ಪಾತ್ರಿ ಮಾವಾರ" ಎಂದೆ.

"ಹುಡುಕಿದ್ದಕ್ಕ ಸಿಟ್ಟಿಲ್ಲವಾ," ಎಂದರು. "ಬಾಯಿಬಿಟ್ಟು ಕೇಳಲಿಲ್ಲಲ್ಲ, ಅದು ಬ್ಯಾಸರಾತು."

ಈಗಲೂ ಗೆಳತಿಯರು ರೊಟ್ಟಿ ಒಳ್ಳೆಯದೋ ಓಟ್ಸೋ ಎಂದು ಕೇಳುತ್ತಾರೆ. ಉಣ್ಣುವವರು ಯಾರು ಎಂದು ಮೊದಲು ಕೇಳುವುದನ್ನು ಈ ಕೆಲಸ ನನಗೆ ಕಲಿಸಿದೆ. ತಾಟಿನಲ್ಲಿ ತಪ್ಪಾದರೆ ಮೊದಲು ನನ್ನ ಸೌಟನ್ನೇ ನೋಡಿಕೊಳ್ಳುವುದನ್ನೂ.

ಕಟ್ಟಿನ ಸಾರು ಉಳಿದವರಿಗಾಗಿ ಈಗಲೂ ಆಗುತ್ತದೆ. ಮೊದಲ ಸಲ ಮತ್ತೆ ಮಾಡಿದ ದಿನ ಮಾವನವರು, "ವಾಸನ್ಯಾಗ ಪೊಟ್ಯಾಸಿಯಂ ಇರ್ತದೇನು, ಆ ಹುಡುಗಿನ್ನ ಕೇಳಿ ಬಿಡವಾ" ಎಂದರು. ನಾನು ನಿಜವಾಗಿ ನಸ್ರೀನ್‌ಗೆ ಫೋನು ಮಾಡಿ ಕೇಳಿದೆ. ಇರುವುದಿಲ್ಲವಂತೆ. ಅಂದಿನಿಂದ ಒಗ್ಗರಣೆಯ ಸದ್ದು ಕೇಳಿದರೆ ಸಾಕು, ಅವರು ಕುರ್ಚಿ ಎಳೆದುಕೊಂಡು ಬಂದು ಅಡುಗೆಮನೆಯ ಬಾಗಿಲಲ್ಲಿ ಕೂಡುತ್ತಾರೆ.