ಒಲೆಯ ಬಾಯಿಗೆ ಮೊದಲ ತುತ್ತು

ಕೆರೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಸಿದ್ದಲಿಂಗವ್ವನ ರೊಟ್ಟಿ ತಿನ್ನದವರು ಯಾರೂ ಇಲ್ಲ, ಅವಳಿಂದ ಬೈಸಿಕೊಳ್ಳದವರೂ ಇಲ್ಲ. ಒಂದು ಕಾಲಕ್ಕೆ ಅವಳ ಹಾಡು ಕೇಳದವರೂ ಇರಲಿಲ್ಲ. ರೊಟ್ಟಿ ಬಡಿಯುವ ಕೈಯೇ ತಾಳ ಹಾಕುತ್ತಿತ್ತು, ಹಾಡು ತಾನಾಗಿ ಬರುತ್ತಿತ್ತು. ಯಾರ ಮನೆಯ ಕೂಸನ್ನು ತೊಟ್ಟಿಲಿಗೆ ಹಾಕಿದರೂ ಜೋಗುಳಕ್ಕೆ ಅವಳೇ ಬೇಕು. ಆದರೆ ಗಂಡ ತೀರಿಕೊಂಡು, ರೊಟ್ಟಿ ಮಾಡಿ ಮಾರುವುದೇ ಬದುಕಾದ ಮೇಲೆ, ದಿನವಿಡೀ ಕಟ್ಟಿಗೆ ಒಲೆಯ ಮುಂದೆ ಕೂತು ಕೂತು ಹೊಗೆಯೆಲ್ಲ ಗಂಟಲಿಗೆ ಇಳಿಯಿತು. ಹಾಡಲು ಬಾಯಿ ತೆರೆದರೆ ಕೆಮ್ಮು. ಕ್ರಮೇಣ ಜೋಗುಳಕ್ಕೆ ಕರೆಯುವವರೂ ಕರೆಯುವುದನ್ನು ಬಿಟ್ಟರು. "ನಂದೇನ ಈಗ ಹಾಡೂ ವಯಸ್ಸು?" ಎಂದು ಅವಳೂ ಬಿಂಕ ತೋರಿಸಿದಳು. ಒಳಗೊಳಗೆ ಬಹಳ ನೊಂದಳು.

ಹೋದ ವರ್ಷ ಸೊಸೆ ಮಹೇಶ್ವರಿ ಹಟ ಹಿಡಿದು ಪೆಲೆಟ್ ಒಲೆ ತಂದಳು. ಶೇಂಗಾ ಸಿಪ್ಪೆಯನ್ನು ಪುಡಿ ಮಾಡಿ ಒತ್ತಿದ ಸಣ್ಣ ಸಣ್ಣ ತುಂಡುಗಳೇ ಅದಕ್ಕೆ ಉರುವಲು. ಸಿದ್ದಲಿಂಗವ್ವ ಅವನ್ನು ಗುಳಿಗಿ ಎನ್ನುತ್ತಿದ್ದಳು. ಮೇಲಿನ ಡಬ್ಬಿಗೆ ಗುಳಿಗಿ ಸುರುವಿದರೆ ಸಾಕು, ಅಡಿಯಲ್ಲಿ ತಿರುಗುವ ಒಂದು ಸ್ಕ್ರೂ ಅವನ್ನು ಸ್ವಲ್ಪ ಸ್ವಲ್ಪವೇ ಬೆಂಕಿಗೆ ತಳ್ಳುತ್ತದೆ, ಫ್ಯಾನು ಗಾಳಿ ಊದುತ್ತದೆ. ಹೊಗೆ ಇಲ್ಲವೇ ಇಲ್ಲ ಎನ್ನಬಹುದು. ಕೆಲವೇ ತಿಂಗಳಲ್ಲಿ ಕೆಮ್ಮು ಕಡಿಮೆಯಾಯಿತು. ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಬಾಯಲ್ಲಿ ಹಾಡು ಬಂದದ್ದನ್ನು ಕೇಳಿ ಮಹೇಶ್ವರಿ ಕಸಬರಿಗೆ ಕೈಯಲ್ಲೇ ಹಿಡಿದು ನಿಂತುಬಿಟ್ಟಳು.

ಅಷ್ಟರಲ್ಲಿ ಮಗಳು ಪ್ರಿಯದರ್ಶಿನಿ ಬಾಣಂತನಕ್ಕೆ ಬಂದಳು, ಹೆಣ್ಣು ಕೂಸು ಹೆತ್ತಳು. ತೊಟ್ಟಿಲಿಗೆ ಹಾಕುವ ದಿನ ಗೊತ್ತಾಯಿತು. "ಈ ಸಲ ಜೋಗುಳ ನಂದ. ಯಾರೂ ನಡುವ ಬಾಯಿ ಹಾಕಬ್ಯಾಡ್ರಿ," ಎಂದು ಸಿದ್ದಲಿಂಗವ್ವ ಓಣಿಗೆಲ್ಲ ಸಾರಿದಳು.

ಹಿಂದಿನ ದಿನ ಮುಂಜಾನೆ ಊಟದ ರೊಟ್ಟಿಗೆ ಕೂತಳು. ಮೂರು ರೊಟ್ಟಿ ಬೇಯುವುದರೊಳಗೆ ಬೆಂಕಿ ಸಣ್ಣಗಾಯಿತು, ಆಮೇಲೆ ಆರಿಯೇ ಹೋಯಿತು. ಫ್ಯಾನು ಮಾತ್ರ ಗುಂಯ್‌ಗುಡುತ್ತಿತ್ತು. ಡಬ್ಬಿಯಲ್ಲಿ ಇಣುಕಿದರೆ ಗುಳಿಗಿ ತುಂಬಿವೆ.

"ಹೊಟ್ಟಿ ತುಂಬ ಐತಿ, ಆದರೂ ಉಪಾಸ ಕುಂತೈತಿ ನೋಡ ಮಹೇಶೀ!" ಎನ್ನುತ್ತ ಮೇಲೆ ಇನ್ನೊಂದು ಬೊಗಸೆ ಸುರುವಿ ಸೌಟಿನಿಂದ ಒತ್ತಿದಳು. ಒಲೆ ಜಪ್ಪಯ್ಯ ಅನ್ನಲಿಲ್ಲ. ತಂಪು ಹಿಡಿದ ಗುಳಿಗಿ ಕೊಟ್ಟಿದ್ದಾನೆಂದು ಮಾರಿದವನ ವಂಶವನ್ನೆಲ್ಲ ಜಾಲಾಡಿದಳು. ಕೊನೆಗೆ ಸೆರಗು ಸೊಂಟಕ್ಕೆ ಸಿಗಿಸಿ ಹಿತ್ತಲಿನ ಹಳೆಯ ಕಟ್ಟಿಗೆ ಒಲೆಯತ್ತ ಹೊರಟಳು.

ಮಹೇಶ್ವರಿ ಬಾಗಿಲಿಗೆ ಅಡ್ಡ ನಿಂತಳು. "ಅತ್ತಿ, ಇವತ್ತ ಹೊಗಿ ಕುಡದ್ರ ನಾಳೆ ಧ್ವನಿ ಬರೂದಿಲ್ರಿ. ಬಿಡ್ರಿ, ನಾ ಬಡೀತೇನಿ."

"ನನ್ನ ಮೊಮ್ಮಗಳ ಊಟಕ್ಕ ನನ್ನ ಕೈ ರೊಟ್ಟೀನ ಆಗಬೇಕು. ಹಾಡು ಇಲ್ದಿದ್ರ ಇಲ್ಲ, ಬಿಡು," ಎಂದಳು ಸಿದ್ದಲಿಂಗವ್ವ. ಹೇಳುವಾಗ ಸೊಸೆಯ ಮುಖ ನೋಡಲಿಲ್ಲ.

ಮಹೇಶ್ವರಿ ಓಡಿಹೋಗಿ ನರ್ಗೀಸಳನ್ನು ಕರೆತಂದಳು. ನರ್ಗೀಸ ಅದೇ ಓಣಿಯವಳು, ಅಪ್ಪನ ಮಿಕ್ಸರ್ ರಿಪೇರಿ ಅಂಗಡಿಯನ್ನು ಈಗ ಅವಳೇ ನಡೆಸುತ್ತಾಳೆ. ಸಿದ್ದಲಿಂಗವ್ವನ ಜೋಗುಳ ಕೇಳಿಯೇ ತೊಟ್ಟಿಲಲ್ಲಿ ಮಲಗಿ ಬೆಳೆದವಳು.

"ಆಯಿ, ಮೊದಲ ಸ್ವಿಚ್ ಆರಿಸಿ ಪ್ಲಗ್ ತೆಗೀರಿ. ಪೂರಾ ತಣ್ಣಗಾಗಲಿ, ಅಲ್ಲೀತನಕ ಯಾರೂ ಕೈ ಹಚ್ಚಬ್ಯಾಡ್ರಿ," ಎಂದು ಅವಳು ಚಹಾ ಕುಡಿಯುತ್ತ ಕೂತಳು. ತಣ್ಣಗಾದ ಮೇಲೆ ಡಬ್ಬಿಯ ಗುಳಿಗಿಯನ್ನೆಲ್ಲ ಮೊರಕ್ಕೆ ಸುರಿದಳು. ಒಂದನ್ನು ಮುರಿದು ನೋಡಿದರೆ ಪಟ್ಟನೆ ಮುರಿಯಿತು. "ಗುಳಿಗಿ ಖಡಕ್ ಅದಾವು. ಪಾಪ, ಆ ಮನಷ್ಯಾಗ ಸುಮ್ನ ಬೈದ್ರಿ." ಆಮೇಲೆ ಡಬ್ಬಿಯ ತಳಕ್ಕೆ ಕೈ ಇಳಿಸಿ ತಡಕಾಡಿದಳು. ಸ್ಕ್ರೂನ ಬಾಯಲ್ಲೇ ಏನೋ ಕಚ್ಚಿಕೊಂಡಿತ್ತು. ಕಟ್ಟಿಗೆ ಚಮಚದಿಂದ ಮೀಟಿ, ಸ್ಕ್ರೂ ಹಿಂದಕ್ಕೆ ತಿರುಗಿಸಿ ಹೊರಗೆ ತೆಗೆದಳು. ನಿಂಬೆಹಣ್ಣಿನಷ್ಟು ದೊಡ್ಡ ಗಟ್ಟಿ ಉಂಡೆ, ಸುತ್ತ ಗುಳಿಗಿ ಅಂಟಿಕೊಂಡಿದ್ದವು.

"ಇದೇನ್ರಿ ಆಯಿ? ಜ್ವಾಳದ ಹಿಟ್ಟಿನ ವಾಸನಿ ಹೊಡೀತೈತಿ!"

ಸಿದ್ದಲಿಂಗವ್ವ ನಾಲಿಗೆ ಕಚ್ಚಿಕೊಂಡಳು. ನಾದಿದ ಹಿಟ್ಟಿನಲ್ಲಿ ಮೊದಲ ಚೂರು ಬೆಂಕಿಗೆ ಕೊಟ್ಟೇ ರೊಟ್ಟಿ ಬಡಿಯುವುದು ಅವಳ ತವರಿನ ಪದ್ಧತಿ. ಈ ಒಲೆ ಬಂದಾಗ ಬೆಂಕಿಯ ಮೇಲೆ ಹಂಚು ಕೂತುಬಿಟ್ಟಿತ್ತು, ಚೂರು ಎಲ್ಲಿ ಹಾಕುವುದು? ಒಲೆ ಉಣ್ಣುವುದು ಡಬ್ಬಿಯಿಂದ ತಾನೆ ಎಂದು ದಿನಾ ಗುಳಿಗಿ ಸುರುವುವ ಮೊದಲು ಒಂದು ಹುಣಸೆಬೀಜದಷ್ಟು ಹಿಟ್ಟು ಅಲ್ಲೇ ಬಿಡುತ್ತಿದ್ದಳು. ಅಷ್ಟು ಸಣ್ಣದನ್ನು ಸ್ಕ್ರೂ ಹೇಗೋ ನುಂಗಿಕೊಂಡು ಹೋಗುತ್ತಿತ್ತು. ಆದರೆ ಇವತ್ತು ಮೊಮ್ಮಗಳ ಸಂಭ್ರಮದ ರೊಟ್ಟಿ!

"ಖುಷಿ ಒಳಗ ಇವತ್ತ ಒಂದೀಟ ದೊಡ್ಡದ ಕೊಟ್ಟೆ," ಎಂದಳು ಮೆಲ್ಲಗೆ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕವಳು ಸಿದ್ದಲಿಂಗವ್ವನೇ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಆದರೆ ಕೆಮ್ಮು ಬರಲಿಲ್ಲ.

ನರ್ಗೀಸ ತಳದ ಪುಡಿ ಗುಡಿಸಿ, ಗುಳಿಗಿ ಜರಡಿ ಹಿಡಿದು ತುಂಬಿ ಒಲೆ ಹೊತ್ತಿಸಿದಳು. ಬೆಂಕಿ ಎದ್ದ ಕೂಡಲೇ, ಹಂಚು ಇಡುವ ಮೊದಲು, "ಆಯಿ, ಇದರ ಬಾಯಿ ಇಲ್ಲೈತ್ರಿ. ಈಗ ಕೊಡ್ರಿ, ಸಣ್ಣದ ಕೊಡ್ರಿ," ಎಂದಳು. ಸಿದ್ದಲಿಂಗವ್ವ ಚಿಮುಟದಲ್ಲಿ ಹಿಟ್ಟಿನ ಚೂರು ಹಿಡಿದು ಉರಿಗೇ ಇಟ್ಟು ಕೈ ಮುಗಿದಳು. ಸಂಜೆಯೊಳಗೆ ಬುಟ್ಟಿ ತುಂಬ ರೊಟ್ಟಿಯಾಯಿತು. ಗುಳಿಗಿ ಮಾರಿದವನಿಗೂ ಬೈದ ತಪ್ಪಿಗೆ ಒಂದು ಕಟ್ಟು ಹೋಯಿತು.

ಮರುದಿನ ತೊಟ್ಟಿಲ ಹಗ್ಗ ನರ್ಗೀಸಳ ಕೈಯಲ್ಲಿತ್ತು. ಸಿದ್ದಲಿಂಗವ್ವ ಜೋಗುಳ ಎತ್ತಿದಳು. ಪಡಸಾಲೆಯ ಗದ್ದಲ ಒಮ್ಮೆಲೇ ನಿಂತಿತು. ಎಷ್ಟು ವರ್ಷಗಳ ಮೇಲೆ ಆ ಧ್ವನಿ! ಪ್ರಿಯದರ್ಶಿನಿ ಕಣ್ಣೊರೆಸಿಕೊಂಡಳು. ಒಂದು ನುಡಿಯ ಮೇಲೆ ಇನ್ನೊಂದು, ಮತ್ತೊಂದು. ಹಾಡು ಮುಗಿಯುವ ಲಕ್ಷಣ ಕಾಣಲಿಲ್ಲ. ಎಲೆ ಹಾಕಿ ಕಾದಿದ್ದ ಮಹೇಶ್ವರಿ ಕಿವಿಯ ಹತ್ತಿರ ಬಂದಳು.

"ಅತ್ತಿ, ಕೂಸು ಯಾವಾಗೋ ಮಲಗೇತ್ರಿ. ಇನ್ನ ಬಿಡ್ರಿ."

"ಅದು ಮಲಗಿದ್ರ ಮಲಗಲಿ ಬಿಡವಾ. ನಾ ಈಗ ಎದ್ದೇನಿ," ಎಂದು ಸಿದ್ದಲಿಂಗವ್ವ ಮುಂದಿನ ನುಡಿ ಎತ್ತಿದಳು.